ಎರೆ ಮಣ್ಣಿನಲ್ಲಿ ಸ್ಟೀರಿಂಗ್ ಎಷ್ಟು ಹಗುರವಿರಬೇಕು?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಮಾನ್ವಿ ಕಡೆ ನಾಟಿ ಶುರುವಾಯಿತೆಂದರೆ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಕೆಸರಿನಲ್ಲೇ ಇರುತ್ತವೆ. ಹಿಂದಿನ ಗಾಲಿಗೆ ಕಬ್ಬಿಣದ ಕೇಜ್‌ವೀಲ್, ಬೆನ್ನಿಗೆ ರೋಟವೇಟರ್. ಮುಂದಿನ ಗಾಲಿ ಅರ್ಧ ಹೂತಿರುತ್ತದೆ. ಒಡ್ಡಿನ ಹತ್ತಿರ ಬಂದ ಡ್ರೈವರ್ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುವುತ್ತಾನೆ. ಗಾಲಿಗಳೇನೋ ತಿರುಗುತ್ತವೆ, ಟ್ರ್ಯಾಕ್ಟರ್ ಮಾತ್ರ ಕೆಸರು ತಳ್ಳುತ್ತ ನೇರ ಒಡ್ಡಿಗೇ ನುಗ್ಗುತ್ತದೆ. ಆಗ ಬಲಗಾಲು ಎರಡು ಬ್ರೇಕ್ ಪೆಡಲ್‌ಗಳಲ್ಲಿ ಎಡಗಡೆಯದನ್ನಷ್ಟೇ ಒತ್ತುತ್ತದೆ. ಎಡ ಹಿಂಗಾಲಿ ನಿಲ್ಲುತ್ತದೆ, ಬಲದ್ದು ಓಡುತ್ತದೆ, ಇಡೀ ಗಾಡಿ ನಿಂತ ಜಾಗದಲ್ಲೇ ಹೊರಳಿಕೊಳ್ಳುತ್ತದೆ.

ಇಷ್ಟೆಲ್ಲ ಆಗುವಾಗ ಡ್ರೈವರ್‌ನ ಕೈಗೆ ಗೊತ್ತಾಗುವುದು ಬಹಳ ಕಡಿಮೆ. ಡಾಂಬರು ರಸ್ತೆಯಲ್ಲಿ ಎಷ್ಟು ಹಗುರವಾಗಿತ್ತೋ ಹೆಚ್ಚುಕಡಿಮೆ ಅಷ್ಟೇ ಹಗುರವಾಗಿ ಸ್ಟೀರಿಂಗ್ ಕೆಸರಿನಲ್ಲೂ ತಿರುಗುತ್ತದೆ. ಹಗುರ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗುರವೊಂದನ್ನೇ ನೋಡಿ ಗಾಡಿ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪವರ್ ಸ್ಟೀರಿಂಗ್ ಇಲ್ಲದ ಟ್ರ್ಯಾಕ್ಟರ್‌ಗಳು ನಮ್ಮ ಭಾಗದಲ್ಲಿ ಇನ್ನೂ ಓಡುತ್ತಿವೆ. ಅವುಗಳಲ್ಲಿ ಸ್ಟೀರಿಂಗ್‌ನಿಂದ ಗಾಲಿಯವರೆಗೆ ಕಬ್ಬಿಣದ್ದೇ ಸಂಬಂಧ: ಗೇರ್ ಪೆಟ್ಟಿಗೆ, ತೋಳು, ರಾಡು. ಮಣ್ಣಿನ ಪ್ರತಿಯೊಂದು ಪೆಟ್ಟೂ ಕೈವರೆಗೆ ಬರುತ್ತದೆ. ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತಿ ಹಿಡಿಯಬೇಡ, ಮೇಲಿಡು ಎಂದು ಹಳಬರು ಹೊಸ ಹುಡುಗರಿಗೆ ಹೇಳುವುದು ಇದಕ್ಕೇ. ಮುಂದಿನ ಗಾಲಿ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಗಿರ್ರನೆ ತಿರುಗುತ್ತದೆ, ಅದರ ಅಡ್ಡಪಟ್ಟಿ ಹೆಬ್ಬೆರಳಿಗೆ ಬಡಿಯುತ್ತದೆ. ಇಡೀ ದಿನ ಇಂಥ ಗಾಡಿ ಓಡಿಸಿದವರ ಭುಜ, ಮಣಿಕಟ್ಟು ರಾತ್ರಿ ಮಲಗಲು ಬಿಡುವುದಿಲ್ಲ. ಕೂಲಿಗೆ ಓಡಿಸುವ ಡ್ರೈವರ್‌ಗೆ ಪವರ್ ಸ್ಟೀರಿಂಗ್ ಇರುವ ಗಾಡಿ ಕೊಡುವುದನ್ನು ಮಾಲೀಕರು ಶೋಕಿ ಎಂದುಕೊಳ್ಳಬಾರದು. ಅದು ಆ ಮನುಷ್ಯನ ಮೈಯ ಪ್ರಶ್ನೆ.

ಈ ವಿದ್ಯೆ ಹುಟ್ಟಿದ್ದೂ ಭಾರದ ಗಾಡಿಗಳ ಸಂಕಟದಿಂದಲೇ. ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೀರಿಂಗನ್ನು ಕಾರಿಗೆ ಅಳವಡಿಸಿ ತೋರಿಸಿದ. ಎರಡನೇ ಮಹಾಯುದ್ಧದ ಸೇನಾ ಗಾಡಿಗಳಿಗೆ ಅದು ಬಂತು. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ.

ಟ್ರ್ಯಾಕ್ಟರ್‌ನ ಪವರ್ ಸ್ಟೀರಿಂಗ್ ಇನ್ನೂ ಒಂದು ಹೆಜ್ಜೆ ಮುಂದಿನದು. ಹೈಡ್ರೋಸ್ಟ್ಯಾಟಿಕ್ ಎನ್ನುವ ಈ ಬಗೆಯಲ್ಲಿ ಸ್ಟೀರಿಂಗ್‌ಗೂ ಗಾಲಿಗೂ ಕಬ್ಬಿಣದ ಸಂಬಂಧವೇ ಇಲ್ಲ. ಕಾಲಂ ಕೆಳಗೊಂದು ವಾಲ್ವ್, ಮುಂದಿನ ಆ್ಯಕ್ಸಲ್ ಮೇಲೊಂದು ಸಿಲಿಂಡರ್, ನಡುವೆ ಎಣ್ಣೆ ತುಂಬಿದ ಪೈಪು. ನೀವು ತಿರುವಿದಷ್ಟು ಎಣ್ಣೆಯನ್ನು ವಾಲ್ವ್ ಅಳೆದು ಬಿಡುತ್ತದೆ, ಅಷ್ಟೇ ಸಿಲಿಂಡರ್ ಸರಿಯುತ್ತದೆ. ಕೈ ನಿಂತಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆ ಮೇಲೆ ಗಾಲಿಗೆ ಕಲ್ಲು ಬಡಿದರೆ ಪೆಟ್ಟು ಎಣ್ಣೆಯಲ್ಲೇ ನಿಲ್ಲುತ್ತದೆ. ಹೆಬ್ಬೆರಳು ಉಳಿಯಿತು ನಿಜ, ಆದರೆ ಕಲ್ಲಿನ ಸುದ್ದಿಯೂ ಕೈಗೆ ಬರಲಿಲ್ಲ. ಗಾಲಿ ಎತ್ತ ನೋಡುತ್ತಿದೆ ಎಂದು ತಿಳಿಯಲು ಬಗ್ಗಿ ನೋಡಬೇಕು.

ಇದು ನಿಜಕ್ಕೂ ಅಪಾಯಕ್ಕೆ ಬರುವುದು ಟ್ರಾಲಿ ಕಟ್ಟಿದಾಗ. ಹತ್ತಿಯ ಸುಗ್ಗಿಯಲ್ಲಿ ರಾಯಚೂರು ಮಾರುಕಟ್ಟೆಯ ದಾರಿಯಲ್ಲಿ ನಿಂತು ನೋಡಿ. ಎರಡು ಗಾಲಿಯ ಟ್ರಾಲಿಯ ಭಾರದಲ್ಲಿ ಒಂದಷ್ಟು ಟ್ರ್ಯಾಕ್ಟರ್‌ನ ಹಿಂಭಾಗದ ಮೇಲೆ ಕೂರುತ್ತದೆ, ಮುಂಭಾಗ ಹಗುರಾಗುತ್ತದೆ. ಏರು ಹತ್ತುವಾಗ ಮುಂದಿನ ಗಾಲಿ ನೆಲ ಮುಟ್ಟಿಯೂ ಮುಟ್ಟದಂತಿರುತ್ತದೆ. ಹಳೆಯ ಗಾಡಿಯಾದರೆ ಬಿಗಿಯಾಗಿದ್ದ ಸ್ಟೀರಿಂಗ್ ಒಮ್ಮೆಲೇ ಸಡಿಲಾಗಿ ‘ಮುಂದ್ಕ ಹಿಡ್ತ ಇಲ್ಲ’ ಎಂದು ಕೈಗೆ ಹೇಳುತ್ತಿತ್ತು. ಪವರ್ ಸ್ಟೀರಿಂಗ್ ಮೊದಲೂ ಹಗುರ, ಈಗಲೂ ಹಗುರ. ವ್ಯತ್ಯಾಸ ತಿಳಿಯುವುದು ತಿರುವಿನಲ್ಲಿ ಗಾಡಿ ತಿರುಗದೇ ಹೋದಾಗಲೇ. ಮುಂದೆ ಕಂಪನಿಯವರು ಕೊಡುವ ಎರಕದ ವೇಟ್ ಹಾಕಿಸುವುದೇ ಇದಕ್ಕೆ ಪರಿಹಾರ. ಬಾನೆಟ್ ಮೇಲೆ ಹುಡುಗರನ್ನು ಕೂರಿಸಿ ಭಾರ ಮಾಡುವುದು ನಿಲ್ಲಲೇಬೇಕು.

ದೇವದುರ್ಗದ ಕಡೆಯ ಕಥೆ ಸ್ವಲ್ಪ ಬೇರೆ. ನಾರಾಯಣಪುರ ಬಲದಂಡೆಯ ನೀರಿನ ಹೊಲಗಳ ಜೊತೆಗೆ ಅಲ್ಲಿ ಕಲ್ಲುಗುಡ್ಡ, ಮಸಾರಿ, ಕೃಷ್ಣೆಯ ದಂಡೆಯ ಮರಳು ಎಲ್ಲ ಇವೆ. ಜೀಪು ಓಡಿಸುವವರಿಗೆ ಬಗೆಬಗೆಯ ಪರೀಕ್ಷೆ. ಮಳೆಯಲ್ಲಿ ಟ್ರ್ಯಾಕ್ಟರ್ ಓಡಾಡಿ ಬಿದ್ದ ಆಳವಾದ ಜಾಡಿಗೆ ಜೀಪಿನ ಗಾಲಿ ಇಳಿಯಿತೆನ್ನಿ. ಸ್ಟೀರಿಂಗ್ ಎತ್ತ ತಿರುವಿದರೂ ಗಾಡಿ ಜಾಡು ಹಿಡಿದೇ ಹೋಗುತ್ತದೆ. ಸ್ಟೀರಿಂಗ್ ತೀರಾ ಹಗುರವಿದ್ದರೆ ಗಾಲಿ ಓರೆಯಾಗಿರುವುದು ಡ್ರೈವರ್‌ಗೆ ಮರೆತೇ ಹೋಗುತ್ತದೆ. ಜಾಡು ಮುಗಿದು ಹಿಡಿತ ಸಿಕ್ಕ ಕ್ಷಣ ಗಾಡಿ ಪಕ್ಕದ ಗುಂಡಿಗೆ ಜಿಗಿಯುತ್ತದೆ. ಜೀಪಿನಲ್ಲಿ ಕೈಗೆ ತುಸು ಭಾರ ಬೇಕೆನ್ನುವುದು ಇದಕ್ಕೇ. 2020ರ ಥಾರ್‌ನಲ್ಲಿ ಎಣ್ಣೆಯ ಪವರ್ ಸ್ಟೀರಿಂಗ್ ಇದೆ. 2024ರಲ್ಲಿ ಬಂದ ಥಾರ್ ರಾಕ್ಸ್‌ನಲ್ಲಿ ವಿದ್ಯುತ್ ಮೋಟಾರಿನದು. ಎಣ್ಣೆಯದರಲ್ಲಿ ವಾಲ್ವ್ ಒಳಗೆ ತಿರುಚಿಕೊಳ್ಳುವ ಸಣ್ಣ ಸರಳಿನ ಬಿಗಿ ಕೈಯ ಭಾರವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಮೋಟಾರಿನದರಲ್ಲಿ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ, ನಿಧಾನದಲ್ಲಿ ಹಗುರ, ವೇಗದಲ್ಲಿ ಭಾರ ಮಾಡಿ ಕೊಡುವುದೂ ಸುಲಭ. ಮರಳಿಗಾಗಿ ಟೈರಿನ ಗಾಳಿ ಇಳಿಸಿದರೆ ಎರಡರಲ್ಲೂ ಸ್ಟೀರಿಂಗ್ ಭಾರವಾಗುತ್ತದೆ, ನೆಲಕ್ಕೆ ತಾಗುವ ರಬ್ಬರ್ ಹೆಚ್ಚುವುದರಿಂದ. ಅದನ್ನು ಕಂಡು ರಿಪೇರಿಗೆ ಓಡಬೇಕಿಲ್ಲ.

ರಿಪೇರಿ ಬೇಕಾದ ಲಕ್ಷಣಗಳು ಬೇರೆ. ಟ್ರ್ಯಾಕ್ಟರ್‌ನ ಸ್ಟೀರಿಂಗ್ ಸ್ಪಂಜಿನಂತೆ ಕುಪ್ಪಳಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆ. ನೇರ ಹಿಡಿದರೂ ಗಾಡಿ ಮೆಲ್ಲಗೆ ಒಂದು ಕಡೆ ಸರಿಯುತ್ತಿದ್ದರೆ ಸಿಲಿಂಡರ್ ಸೀಲನ್ನು ಮೊದಲು ನೋಡಿಸಬೇಕು. ಪೂರ್ತಿ ತಿರುವಿ ಕೊನೆಯಲ್ಲೇ ಒತ್ತಿ ಹಿಡಿಯುವ ಅಭ್ಯಾಸ ಬಿಡಬೇಕು. ಆಗ ಕೇಳುವ ಕುಂಯ್ ಶಬ್ದ ಹೆಚ್ಚಿನ ಒತ್ತಡದ ಎಣ್ಣೆ ರಿಲೀಫ್ ವಾಲ್ವ್ ದಾಟಿ ಕಾಯುತ್ತಿರುವುದರದ್ದು. ನಮ್ಮ ಬೇಸಿಗೆಯಲ್ಲಿ ಆ ಎಣ್ಣೆ ಮೊದಲೇ ಕಾದಿರುತ್ತದೆ.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಕಂಪನಿಗಳು ಟ್ರ್ಯಾಕ್ಟರ್ ಸಾಲಾಗಿ ನಿಲ್ಲಿಸುತ್ತವೆ. ಮಟ್ಟಸ ನೆಲದಲ್ಲಿ ಎಲ್ಲದರ ಸ್ಟೀರಿಂಗೂ ಹಗುರವೇ. ಅಲ್ಲೇ ಒಂದು ಎಕರೆ ಎರೆಯನ್ನು ಕೆಸರು ಮಾಡಿ, ಪಕ್ಕದಲ್ಲಿ ತುಂಬಿದ ಟ್ರಾಲಿಯೊಂದನ್ನು ಇಟ್ಟು, ಕೊಳ್ಳಲು ಬಂದ ರೈತರೇ ಓಡಿಸಿ ನೋಡುವಂತೆ ಮಾಡಬೇಕು. ಅದಾಗುವವರೆಗೆ ಡೀಲರ್‌ಗೆ ಹೇಳಿ ಗಾಡಿಯನ್ನು ನಿಮ್ಮ ಹೊಲಕ್ಕೇ ತರಿಸಿಕೊಳ್ಳಿ. ರೋಟವೇಟರ್ ಎತ್ತಿ ಒಡ್ಡಿನ ಬಳಿ ತಿರುವಿ, ಬ್ರೇಕ್ ಇಲ್ಲದೆ ಎಷ್ಟು ತಿರುಗುತ್ತದೆ ನೋಡಿ. ಕೊನೆಗೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ ಸ್ಟೀರಿಂಗ್ ತಿರುವಿ ನೋಡಿ. ಭಾರವಾಗಿಯಾದರೂ ಗಾಲಿ ತಿರುಗಲೇಬೇಕು. ನಾಳೆ ಇಳಿಜಾರಿನಲ್ಲಿ ಎಂಜಿನ್ ನಿಂತರೆ ನಿಮ್ಮ ಕೈಗೆ ಸಿಗುವುದು ಅಷ್ಟೇ ಸ್ಟೀರಿಂಗ್.