ಅಮ್ಮನ ಮೊಣಗಂಟಿನ ಬಿಳಿ ಬಿಲ್ಲೆ

ಇಚಿಲಂಪಾಡಿಯ ನಮ್ಮ ತೋಟದಲ್ಲಿ ನಲ್ವತ್ತು ವರ್ಷ ಅಡಿಕೆ ಹೆಕ್ಕಿ, ರಬ್ಬರ್ ಹಾಲು ಹೊತ್ತ ಅಮ್ಮನ ಎಡ ಮೊಣಗಂಟನ್ನು 2018ರಲ್ಲಿ ಮಂಗಳೂರಿನಲ್ಲಿ ಬದಲಾಯಿಸಿದರು. ಆಪರೇಷನ್‌ಗೆ ಮೊದಲು ಡಾಕ್ಟ್ರು ಒಂದು ಮಾದರಿ ತೋರಿಸಿದರು. ಮೇಲೆ ಲೋಹ, ಕೆಳಗೆ ಲೋಹ, ನಡುವೆ ಬೆರಳು ದಪ್ಪದ ಬಿಳಿ ಬಿಲ್ಲೆ.

“ಇದು ಎಷ್ಟು ವರ್ಷ ಬರ್ತದೆ ಡಾಕ್ಟ್ರೇ?” ಅಮ್ಮ ಕೇಳಿದರು.

ಅವರು ಬಿಳಿ ಬಿಲ್ಲೆಯ ಮೇಲೆ ಬೆರಳಿಟ್ಟರು. “ಇದು ಸವೆಯುವುದರ ಮೇಲೆ ಉಂಟಮ್ಮಾ.”

ಅದು ಪಾಲಿಎಥಿಲೀನ್. ತೋಟದ ಕರಿ ಪೈಪಿನ ಕುಲದ್ದೇ. ಆದರೆ ಇದರ ಅಣುಗಳ ಎಳೆ ಬಹಳ ಉದ್ದ, ಅಣುತೂಕ 20 ಲಕ್ಷಕ್ಕೂ ಮೇಲೆ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಉಜ್ಜಿದರೂ ಬೇಗ ಕಿತ್ತು ಬರುವುದಿಲ್ಲ.

ಇದು ಕೀಲಿಗೆ ಬಂದದ್ದು ಸೊಂಟದ ದಾರಿಯಿಂದ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಮೊದಲು ಹಾಕಿದ್ದು ಟೆಫ್ಲಾನ್. ನುಣುಪೇನೋ ನುಣುಪು, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ರೋಗಿಗಳನ್ನು ಮತ್ತೆ ಕೊಯ್ಯಬೇಕಾಯಿತು. ಆ ವಸ್ತುವನ್ನು ಮೈ ಹೇಗೆ ಸಹಿಸುತ್ತದೆಂದು ತಿಳಿಯಲು ಚಾರ್ನ್‌ಲಿ ತಮ್ಮ ತೊಡೆಯೊಳಗೇ ಅದರ ಚೂರು ಹಾಕಿಸಿಕೊಂಡರು. ವೈದ್ಯರೆಂದರೆ ಇಂಥವರು ಎಂದು ನನಗೆ ಅನಿಸುತ್ತದೆ. 1962ರಲ್ಲಿ ಮಗ್ಗಗಳಿಗೆ ಪ್ಲಾಸ್ಟಿಕ್ ಗಿಯರ್ ಮಾರುವವನೊಬ್ಬ ಈ ಪಾಲಿಎಥಿಲೀನ್ ತಂದ. ಚಾರ್ನ್‌ಲಿ ಉಗುರಿನಿಂದ ಒತ್ತಿ ನೋಡಿ ಬೇಡವೆಂದರು. ಅವರ ಸಹಾಯಕ ಹ್ಯಾರಿ ಕ್ರೇವನ್ ಮಾತ್ರ ಬಿಡದೆ ಯಂತ್ರಕ್ಕೆ ಕೊಟ್ಟು ಹಗಲೂ ರಾತ್ರಿ ಉಜ್ಜಿಸಿದರು. ಮೂರು ವಾರವಾದರೂ ಅದು ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅದು ರೋಗಿಯ ಸೊಂಟ ಸೇರಿತು.

ಸವೆತ ಪೂರ್ತಿ ನಿಂತಿತೆಂದಲ್ಲ. ಹಳೆಯ ಬಗೆಯ ಪಾಲಿಎಥಿಲೀನ್ ಸೊಂಟದಲ್ಲಿ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು. ಕಣ್ಣಿಗೆ ಕಾಣದ ಆ ಪುಡಿಯೇ ಶತ್ರು. ಮೈಯ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾರದೆ ಕೆರಳುತ್ತವೆ. ಆ ಕೆರಳಿಕೆಯಲ್ಲಿ ಸುತ್ತಲಿನ ಎಲುಬು ಕರಗಿ ಕೀಲು ಸಡಿಲಾಗುತ್ತದೆ.

ಪರಿಹಾರದ ಒಂದು ದಾರಿ ರಬ್ಬರ್ ಬೆಳೆಯುವ ನಮಗೆ ಹೊಸತಲ್ಲ. ಹೊಗೆಮನೆಯಿಂದ ತೆಗೆದ ಶೀಟು ಹಾಗೆಯೇ ಟಯರ್ ಆಗುವುದಿಲ್ಲ. ಗಂಧಕ ಸೇರಿಸಿ ಕಾಯಿಸಿದಾಗ ಎಳೆಗಳ ನಡುವೆ ಗಂಟು ಬಿದ್ದು ಗಟ್ಟಿಯಾಗುತ್ತದೆ. ಪಾಲಿಎಥಿಲೀನಿನಲ್ಲಿ ಈ ಗಂಟು ಹಾಕುವುದು ವಿಕಿರಣ. ಆದರೆ ವಿಕಿರಣ ಕಡಿದ ಕೆಲವು ಎಳೆಗಳ ತುದಿ ತೆರೆದೇ ಉಳಿದು, ಆಮ್ಲಜನಕ ತಾಗಿದರೆ ಬಿಲ್ಲೆ ಪೆಡಸಾಗುತ್ತದೆ, ಅಂಗಳದ ಟಾರ್ಪಾಲು ಬಿಸಿಲಿಗೆ ಬಿರಿದಂತೆ. ಅದಕ್ಕೇ ವಿಕಿರಣದ ಬಳಿಕ ಕಾಯಿಸುತ್ತಾರೆ, ಇಲ್ಲವೇ ವಿಟಮಿನ್ ಇ ಬೆರೆಸುತ್ತಾರೆ. 1990ರ ದಶಕದ ಕೊನೆಯಿಂದ ಬಂದ ಇಂಥ ಪಾಲಿಎಥಿಲೀನಿನಿಂದ ಸೊಂಟದಲ್ಲಿ ಸವೆತ ಸ್ಪಷ್ಟವಾಗಿ ಇಳಿದಿದೆ. ಮೊಣಗಂಟಿನಲ್ಲಿ ಲಾಭ ಅಷ್ಟು ಖಚಿತವಲ್ಲ. ಎಳೆಗಳ ನಡುವಿನ ಗಂಟು ಹೆಚ್ಚಿದಷ್ಟೂ ಬಿಲ್ಲೆಯ ಬಿರುಕು ತಡೆಯುವ ಬಲ ಸ್ವಲ್ಪ ತಗ್ಗುತ್ತದೆ.

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಗಂಟಿನ ಬೆಲೆಗೆ ಮಿತಿ ಹಾಕಿದ ಮೇಲೆ ಎಲ್ಲರೂ ದರ ಕೇಳುತ್ತಾರೆ. ಬಿಲ್ಲೆ ಯಾವುದೆಂದು ಕೇಳುವವರು ಕಡಿಮೆ. ಮೊದಲೇ ಕೀಲು ಬದಲಾಗಿದ್ದ ನನ್ನ ಮಾವನಿಗೆ ಎರಡನೇ ಆಪರೇಷನ್ನಿನಲ್ಲಿ ಬಿಲ್ಲೆಯೊಂದನ್ನೇ ಬದಲಿಸಿದ್ದರೆ ಸಾಕಿತ್ತು. ಆದರೆ ಮೊದಲ ಆಪರೇಷನ್ನಿನಲ್ಲಿ ಹಾಕಿದ ಕೀಲಿನ ಕಂಪನಿ, ಅಳತೆ ಯಾವುದೆಂಬ ಚೀಟಿ ಫೈಲಿನಲ್ಲಿ ಇರಲಿಲ್ಲ. ಇಡೀ ಕೀಲನ್ನೇ ತೆಗೆಯಬೇಕಾಯಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಲು ಬದಲಾಗಿದ್ದರೆ ಆ ಚೀಟಿಯನ್ನು ಜಾಗದ ಪತ್ರಗಳ ಜೊತೆ ಜೋಪಾನವಾಗಿಡಿ. ಎಲುಬು ಕರಗುವಾಗ ಮೊದಮೊದಲು ಹೆಚ್ಚಾಗಿ ನೋವೇ ಇರುವುದಿಲ್ಲ. ಡಾಕ್ಟ್ರು ಹೇಳಿದ ದಿನ, ನೋವಿಲ್ಲದಿದ್ದರೂ, ಎಕ್ಸ್‌ರೇ ತೆಗೆಸಿ.