ಕಂಸಾಳೆಯ ಏಟಿಗೆ ಎಷ್ಟು ಡೇಟಾ?

ರಾವಂದೂರಿನ ಸುತ್ತ ಹೊಗೆಸೊಪ್ಪಿನ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಮುಗಿಯಿತು, ಸೊಪ್ಪು ಹದವಾಗುವ ಐದಾರು ದಿನ ಹಗಲಿರುಳು ಯಾರಾದರೂ ಕಾಯಲೇಬೇಕು. ರಾತ್ರಿಯ ಕಾವಲಿಗೆ ಮೊಬೈಲ್ ಹಾಡೇ ಜೊತೆ. ಆದರೆ ನಡುರಾತ್ರಿಗೇ ‘ನೆಟ್ ಖಾಲಿ’ ಅಂದುಬಿಟ್ಟರೆ?

ಲೆಕ್ಕ ಹಾಕಿ ನೋಡಿದರೆ ತಲೆ ತಿರುಗುತ್ತದೆ! ಸ್ಪಾಟಿಫೈನ ‘ನಾರ್ಮಲ್’ ಗುಣಮಟ್ಟ ಸೆಕೆಂಡಿಗೆ ಸುಮಾರು 96 ಕಿಲೋಬಿಟ್. ಅಂದರೆ ಗಂಟೆಗೆ ಬರೀ 43 ಎಂಬಿ. ದಿನದ 1.5 ಜಿಬಿ ಪ್ಯಾಕಿನಲ್ಲಿ 34 ಗಂಟೆ ಹಾಡು ಕೇಳಬಹುದು. ದಿನಕ್ಕಿರುವುದೇ 24 ಗಂಟೆ! ಪ್ಯಾಕ್ ನುಂಗುವುದು ಹಾಡಲ್ಲ, ಯಾರೂ ನೋಡದೆ ಜೇಬಿನೊಳಗೆ ಓಡುತ್ತಿರುವ ವಿಡಿಯೊ.

ಅದೇ ಹಾಡು ಸಿಡಿಯಲ್ಲಿದ್ದರೆ ಸೆಕೆಂಡಿಗೆ 1,411 ಕಿಲೋಬಿಟ್, ಗಂಟೆಗೆ 635 ಎಂಬಿ. ಹದಿನೈದರಲ್ಲಿ ಹದಿನಾಲ್ಕು ಪಾಲು ಮಾಯವಾಗಿದ್ದರೂ ಹಾಡು ಹಾಡಾಗಿಯೇ ಕೇಳುತ್ತಿದೆಯಲ್ಲ! ಗುಟ್ಟು ನಮ್ಮ ಕಿವಿಯಲ್ಲೇ ಇದೆ. ಜೋರು ದನಿಯೊಂದು ಮೊಳಗಿದಾಗ ಅದರ ಆಸುಪಾಸಿನ ಸಣ್ಣ ದನಿ ನಮಗೆ ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ಕಳಿಸುವುದೇಕೆ ಎಂದು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರೂ ಅವರ ಜೊತೆಗಾರರೂ ಹಟ ಹಿಡಿದು ರೂಪಿಸಿದ್ದು ಎಂಪಿ3. 1995ರಲ್ಲಿ ಆ ಕಡತಗಳ ಹೆಸರಿಗೆ ‘.mp3’ ಎಂಬ ಬಾಲ ಅಂಟಿತು.

ಇನ್ನು ಕಂಸಾಳೆಗೆ ಬನ್ನಿ. ಮಾದಪ್ಪನ ಗುಡ್ಡರ ಕೈಯಲ್ಲಿ ಕಂಚು ಕಂಚಿಗೆ ಬಡಿಯುವ ಆ ಕ್ಷಣ ಕಂಪ್ಯೂಟರ್‌ಗೆ ಬೆವರಿಳಿಸುತ್ತದೆ! ಎಂಪಿ3 ದನಿಯನ್ನು ಸುಮಾರು 26 ಮಿಲಿಸೆಕೆಂಡಿನ ತುಂಡು ಮಾಡಿ ಅಳೆಯುತ್ತದೆ. ಏಟು ತುಂಡಿನ ಕೊನೆಗೆ ಬಿದ್ದರೂ ಅಳತೆಯ ತಪ್ಪು ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ಆಗೇನಾಗುತ್ತದೆ ಗೊತ್ತೇ? ಏಟಿಗೆ ಮೊದಲೇ ಅದರ ಸದ್ದು! ‘ಚುಸ್’ ಅಂತ ಒಂದು ಎಳೆ ಮುಂಚೆ, ‘ಠಣ್’ ಆಮೇಲೆ. ಏಟಾದ ಮೇಲಿನ ಗಲೀಜನ್ನು ಕಿವಿ ಧಾರಾಳವಾಗಿ ಮನ್ನಿಸುತ್ತದೆ, ಮೊದಲಿನದಕ್ಕೆ ಕೆಲವೇ ಮಿಲಿಸೆಕೆಂಡಿನ ರಿಯಾಯಿತಿ. ಹಾಗಾಗಿ ಏಟು ಕಂಡಲ್ಲೆಲ್ಲ ತುಂಡುಗಳನ್ನು ಇನ್ನೂ ಸಣ್ಣದು ಮಾಡಿ ಹೆಚ್ಚು ಬಿಟ್ ಸುರಿಯಬೇಕು. ಯುರೋಪಿನವರು ಇದಕ್ಕೆ ಸ್ಪೇನಿನ ಕ್ಯಾಸ್ಟನೆಟ್ ಇಟ್ಟುಕೊಂಡು ಪರೀಕ್ಷೆ ಮಾಡಿದರು. ನಮ್ಮನ್ನು ಕೇಳಿದ್ದರೆ ಕಂಸಾಳೆ ಕೊಡುತ್ತಿದ್ದೆವು!

ಪ್ಯಾಕ್ ಉಳಿಸಲೆಂದು ಸ್ಪಾಟಿಫೈ ಗುಣಮಟ್ಟವನ್ನು ‘ಲೋ’ಗೆ, ಅಂದರೆ 24 ಕಿಲೋಬಿಟ್‌ಗೆ ಇಳಿಸಿದರೆ ಇನ್ನೊಂದು ಮಾಯೆ. ಇಷ್ಟು ಕಡಿಮೆ ಡೇಟಾಕ್ಕೆಂದೇ ಇರುವ ಎಚ್‌ಇ-ಎಎಸಿ ತಂತ್ರ ಮೇಲಿನ ಸ್ಥಾಯಿಯ ದನಿಯನ್ನು ಬಹುಪಾಲು ಕಳಿಸುವುದೇ ಇಲ್ಲ. ಕೆಳಗಿನದನ್ನೇ ನಕಲು ಮಾಡಿ ಮೇಲಕ್ಕೇರಿಸಿ ಅಂದಾಜಿನಲ್ಲಿ ತುಂಬುತ್ತದೆ. ಆಗ ನೀವು ಕೇಳುವ ಕಂಚಿನ ಹೊಳಪು ಅರ್ಧ ಕಟ್ಟುಕತೆ!

ಕಂಸಾಳೆಯ ಏಟಿಗೆ ತದ್ವಿರುದ್ಧವಾದ ದನಿ ಪಕ್ಕದ ಹುಣಸೂರು ತಾಲ್ಲೂಕಿನಲ್ಲೇ ಇದೆ. ಗುರುಪುರದ ಟಿಬೆಟನ್ ಶಿಬಿರದ ಗ್ಯುಮೆ ಮಠದ ಭಿಕ್ಕುಗಳು ಒಂದೇ ಗಂಟಲಲ್ಲಿ ತಳದ ಸ್ವರವನ್ನೂ ಅದರ ಮೇಲೊಂದು ಸ್ವರವನ್ನೂ ಒಟ್ಟಿಗೆ ಕೇಳಿಸುವ ಪರಂಪರೆಯವರು. ತಾಳ, ಕಹಳೆ ಇಲ್ಲದ ಬರೀ ಪಠಣ ನಿಧಾನ, ಸ್ಥಿರ. ಈ ಕ್ಷಣ ಗೊತ್ತಿದ್ದರೆ ಮುಂದಿನದನ್ನು ಊಹಿಸಬಹುದು. ಫ್ಲ್ಯಾಕ್‌ನಂಥ ಏನನ್ನೂ ಬಿಸಾಡದ ವಿಧಾನ ನಡೆಯುವುದೇ ಇಂಥ ಊಹೆಯ ಮೇಲೆ. ಹಾಗಾಗಿ ಅಷ್ಟೇ ಹೊತ್ತಿನ ಪಠಣ ಪುಟ್ಟ ಕಡತವಾಗುತ್ತದೆ, ಕಂಸಾಳೆ ದಪ್ಪಗೇ ಉಳಿಯುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ! ಆ ತಳದ ಸ್ವರ ಸುಮಾರು 70 ಹರ್ಟ್ಜ್. ಅಂಗೈಯಗಲದ ಮೊಬೈಲಿನ ಸ್ಪೀಕರ್‌ಗೆ ಅದನ್ನು ಸರಿಯಾಗಿ ನುಡಿಸುವ ತಾಕತ್ತೇ ಇಲ್ಲ. ಆದರೂ ನಮಗೆ ಗಂಭೀರ ಸ್ವರವೇ ಕೇಳಿಸುತ್ತದೆ. ಅದರ ಮೇಲೆ 140, 210, 280 ಎಂದು ಸಾಲಾಗಿ ಏರುವ ಎಳೆಗಳಲ್ಲಿ ಸ್ಪೀಕರ್ ನುಡಿಸಬಲ್ಲವನ್ನು ಹಿಡಿದು ಮಿದುಳು ಇಲ್ಲದ 70ನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಅದೂ ಪ್ಯಾಕಿನ ಒಂದು ಬೈಟನ್ನೂ ಮುಟ್ಟದೆ!