ಕೆಂಪು ಬಾಳೆಯ ಕಂದಿಗೆ ಹಸಿರು ಗೊನೆ!

ಅಕ್ಕಲಕೋಟ: ಕೆಂಪು ಬಾಳೆಯ ಕಂದು ನೆಟ್ಟ ಜಾಗದಲ್ಲಿ ಹಸಿರು ಬಾಳೆ ಎದ್ದರೆ ಯಾರನ್ನು ಅನುಮಾನಿಸಬೇಕು? ತಾಲ್ಲೂಕಿನ ಗಡಿಯಂಚಿನ ಹಳ್ಳಿಯೊಂದರಲ್ಲಿ ಈ ಪ್ರಶ್ನೆ ಎರಡು ಮನೆಗಳ ಮಾತನ್ನೇ ನಿಲ್ಲಿಸಿತ್ತು.

ಒಂದು ಮನೆಯ ಸೊಸೆಯ ತವರು ಕಲಬುರಗಿ ಜಿಲ್ಲೆಯ ಕಮಲಾಪುರ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ತವರಿನಿಂದ ಚೀಲದಲ್ಲಿ ತಂದ ಕಂದು ಬಚ್ಚಲ ನೀರು ಹರಿಯುವಲ್ಲಿ ಹಿಂಡಾಗಿ ಬೆಳೆದಿತ್ತು. ಎರಡು ವರ್ಷದ ಹಿಂದೆ ಅದರದೊಂದು ಮರಿ ಪಕ್ಕದ ಮನೆಗೆ ಹೋಯಿತು. ಎಲೆ ಕತ್ತರಿಸಿ, ಮಣ್ಣು ಮೆತ್ತಿದ್ದ ಆ ಕಂದಿನ ಬಣ್ಣವನ್ನು ಕೊಟ್ಟವರೂ ನೋಡಲಿಲ್ಲ, ಪಡೆದವರೂ ನೋಡಲಿಲ್ಲ. ಆಳೆತ್ತರ ಬೆಳೆದಾಗ ನೋಡಿದರೆ ಗಿಡ ಅಪ್ಪಟ ಹಸಿರು.

“ಕೆಂಪಂತ ಹೇಳಿ ಬ್ಯಾರೆ ಯಾವ್ದೋ ಕೊಟ್ಟಾರ ನೋಡ್ರಿ ವೈನಿ” ಎಂಬ ಮಾತು ಓಣಿ ಸುತ್ತಿ ಬಂತು. “ನಮ್ಮ ಹಿತ್ತಲ್ದಾಗ ಬ್ಯಾರೆ ಬಾಳಿನೇ ಇಲ್ಲ, ಎಲ್ಲಿಂದ ಕೊಡ್ಲಿ?” ಎಂದು ಇವರು. ಪಂಚಮಿಯ ಉಂಡಿ ಕೊಟ್ಟು ತರುವುದೂ ಆ ವರ್ಷ ನಿಂತಿತು.

ಊರವರು ತಲೆಗೊಂದು ಹೆಸರು ಹೇಳಿದರು. ಕರಮಾಳಾ ಕಡೆಯ ತೋಟ ನೋಡಿ ಬಂದವರು ‘ಜಿ-9’ ಎಂದರು. ಮರಾಠಿ ಮನೆಯ ಕಾಕು ‘ಲಾಲ ವೇಲಚಿ’ ಎಂದರು. ಹೆಸರಿನಲ್ಲಿ ಲಾಲ ಇದ್ದರೂ ಆ ಹಣ್ಣು ಮಾಗಿದಾಗ ಹಳದಿಯೇ! ಇನ್ನು ಕನ್ನಡಿಗರ ಏಲಕ್ಕಿ ಬಾಳೆ ಮಹಾರಾಷ್ಟ್ರದಲ್ಲಿ ‘ಸಫೇದ ವೇಲಚಿ’. ಬರೀ ಹೆಸರು ಹಿಡಿದು ಹೊರಟರೆ ಬಾಳೆಯ ಜಾತಿ ಸಿಗುವುದಿಲ್ಲ.

ಗಿಡ ಕಡಿಯಲು ಕೊಡಲಿ ತಂದಿದ್ದ ಮನೆಯವರನ್ನು ತಡೆದದ್ದು ಊರಿನ ನಿವೃತ್ತ ಕೃಷಿ ಸಹಾಯಕರು. “ಗೊನಿ ಬರೂತನಾ ಕಡೀಬ್ಯಾಡ್ರಿ” ಎಂದ ಅವರು ಮೊದಲು ನೋಡಿದ್ದು ಎಲೆಯ ದಂಟನ್ನು. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವು ಬೀಜ ತುಂಬಿದ ಎರಡು ಕಾಡುಬಾಳೆಗಳ ಸಂತತಿ. ಒಂದರ ದಂಟಿನ ಕಾಲುವೆ ಬಾಯಿ ತೆರೆದಿರುತ್ತದೆ, ಇನ್ನೊಂದರದು ಅಂಚು ಮಡಚಿ ಮುಚ್ಚಿರುತ್ತದೆ. ಮೊದಲನೆಯದರ ಹೂವಿನ ಮೋತೆಯ ಎಸಳು ಬಿಚ್ಚಿದ ಮೇಲೆ ಹಿಂದಕ್ಕೆ ಸುರುಳಿ ಸುತ್ತುತ್ತದೆ, ಎರಡನೆಯದರದು ಮೇಲೆದ್ದರೂ ಸುತ್ತುವುದಿಲ್ಲ. ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು 1955ರಲ್ಲಿ ಇಂಥ 15 ಲಕ್ಷಣಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಬಾಳೆಯ ಕುಲ ಗುರುತಿಸುವ ಕ್ರಮ ಹಾಕಿಕೊಟ್ಟರು.

ಈ ಗಿಡದ ದಂಟು ಮುಚ್ಚಿರಲಿಲ್ಲ. ಹಾಗೆಂದು ಜಿ-9 ಅನ್ನುವಂತೆಯೂ ಇರಲಿಲ್ಲ. ಅದು ಸುಮಾರು ವರ್ಷದೊಳಗೆ ಕೊಯ್ಲಿಗೆ ಬರುತ್ತದೆ. ಇದು ಒಂದೂವರೆ ವರ್ಷ ಕಾಯಿಸಿತು. ಬಂದ ಕಾಯಿ ಗಿಡ್ಡ, ದಪ್ಪ, ತುದಿ ಮೊಂಡು. ಬಣ್ಣವೊಂದು ಬಿಟ್ಟರೆ ತಾಯಿ ಹಿಂಡಿನ ಕಾಯಿಯದೇ ಅಚ್ಚು.

ಕೃಷಿ ಸಹಾಯಕರು ಹೇಳಿದ್ದಿಷ್ಟು: ಕೆಂಪು ಬಾಳೆಯ ಗಡ್ಡೆಯಿಂದ ಒಮ್ಮೊಮ್ಮೆ ಹಸಿರು ಕಂದು ತಾನಾಗಿಯೇ ಏಳುತ್ತದೆ. ಬಾಳೆಗೆ ಬೀಜವಿಲ್ಲ, ಕಂದೇ ವಂಶ. ಬೆಳೆಯುವ ಮೊಳಕೆಯ ಕಣಗಳಲ್ಲಿ ಕೆಂಪು ಕಳೆದರೆ ಅಲ್ಲಿಂದ ಮುಂದೆ ಹಸಿರೇ. ಉಳಿದ ಗುಣ ಹಾಗೇ. ಇದರಲ್ಲಿ ಯಾರ ಮೋಸವೂ ಇಲ್ಲ.

ಮಾತು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಒಪ್ಪಿಸಿದ್ದು ತಾಯಿ ಹಿಂಡೇ. ಈ ಮಳೆಗಾಲದಲ್ಲಿ ಅದರ ಬುಡದಿಂದ ಎದ್ದ ಕಂದು ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಹಸಿರು! ಎರಡೂ ಮನೆಯವರು ಬಗ್ಗಿ, ಮಣ್ಣು ಸರಿಸಿ, ಒಂದೇ ಗಡ್ಡೆಯೆಂದು ಖಾತ್ರಿ ಮಾಡಿಕೊಂಡರು.

ಹಸಿರು ಗೊನೆ ಮಾಗಿ ಹಳದಿಯಾಯಿತು. ಮೊದಲ ಚಿಪ್ಪು ಗೋಡೆಯಾಚೆಯಿಂದ ಈಚೆ ಬಂತು. “ರುಚಿ ನಮ್ದೇ ಐತಿ” ಎಂದರು ಕಮಲಾಪುರದ ಮಗಳು. ಎರಡು ಬಣ್ಣದ ಆ ಕಂದಿಗೆ ಮಾತ್ರ ಈಗ ಎರಡೂ ಮನೆಯವರು ಗಿರಾಕಿ. ಗೊನೆ ಹಾಕುವವರೆಗೆ ಅದನ್ನು ಯಾರೂ ಕೀಳಬಾರದೆಂದು ಸದ್ಯ ಒಪ್ಪಂದವಾಗಿದೆ.